ತಟ್ಟೇಕಾಡಿಗೆ ಹಕ್ಕಿ ನೋಡಲು: ಕಾಸರಗೋಡಿನಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ಮಂಜೇಶ್ವರ ಕಡೆಯ ಗೆಳೆಯರು, ಹಳೆ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ಪತ್ರದಲ್ಲಿ, ಇನ್ನು ಕೆಲವು ಮದುವೆ ಮನೆಯ ಪಂಕ್ತಿಯಲ್ಲಿ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಟಿಕೆಟ್ ದರ ಮತ್ತು ರೈಲಿನ ಸಮಯ ಆಗಾಗ ಬದಲಾಗುವುದರಿಂದ ಅವನ್ನು ಇಲ್ಲಿ ಬರೆದಿಲ್ಲ, ಹೊರಡುವ ವಾರ ವಿಚಾರಿಸಿಕೊಳ್ಳಿ.

## ಮೊದಲ ಸಲ ಹೋಗುವವರಿಗೆ

ತಟ್ಟೇಕಾಡು ಅಂದ್ರೆ ಎಲ್ಲಿ? ಅಲ್ಲಿ ಅಂಥದ್ದು ಎಂತ ಉಂಟು?

ಎರ್ನಾಕುಳಂ ಜಿಲ್ಲೆಯ ಕೋತಮಂಗಲಂ ತಾಲೂಕಿನಲ್ಲಿ, ಪೆರಿಯಾರ್ ಹೊಳೆಯ ದಂಡೆಯಲ್ಲಿದೆ. ಸುಮಾರು 25 ಚದರ ಕಿಲೋಮೀಟರ್, ಅಷ್ಟೇ. ಹಕ್ಕಿ ತಜ್ಞ ಸಲೀಂ ಅಲಿ 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಈ ಜಾಗದ ಸಮೃದ್ಧಿ ಕಂಡು ಬೆರಗಾಗಿದ್ದರು. ಐವತ್ತು ವರ್ಷ ಕಳೆದ ಮೇಲೆ, 1983ರಲ್ಲಿ, ಇದು ಕೇರಳದ ಮೊದಲ ಪಕ್ಷಿಧಾಮವಾಯಿತು. ಈಗ ಅವರದೇ ಹೆಸರಿದೆ.

ಇಷ್ಟು ಸಣ್ಣ ಕಾಡಿನಲ್ಲಿ ಅಷ್ಟೊಂದು ಹಕ್ಕಿ ಯಾಕೆ ಅಂತ ಕೇಳಿದರೆ, ಇದು ತಗ್ಗಿನ ಕಾಡು. ಪಶ್ಚಿಮ ಕರಾವಳಿಯಲ್ಲಿ ಸಮುದ್ರಮಟ್ಟಕ್ಕೆ ಹತ್ತಿರವಿದ್ದ ಕಾಡೆಲ್ಲ ರಬ್ಬರ್, ತೆಂಗು, ಅಡಿಕೆ, ಊರು ಆಗಿಹೋಗಿದೆ. ಉಳಿದದ್ದು ಹೆಚ್ಚಾಗಿ ಗುಡ್ಡದ ಮೇಲೆ. ತಗ್ಗಿನ ಕಾಡನ್ನೇ ನೆಚ್ಚಿಕೊಂಡ ಹಕ್ಕಿಗಳಿಗೆ ಹೋಗಲು ಬೇರೆ ಜಾಗ ಕಡಿಮೆ. ಜೊತೆಗೆ ಹೊಳೆ ಇದೆ, ಭೂತತ್ತಾನ್‌ಕೆಟ್ಟು ಅಣೆಕಟ್ಟಿನ ಹಿನ್ನೀರು ಇದೆ, ತೇಗದ ನೆಡುತೋಪು ಇದೆ, ಜನರ ತೋಟಗಳೂ ಇವೆ. ಹಾಗಾಗಿ ಒಂದೇ ಬೆಳಗ್ಗೆ ನೀರುಕಾಗೆಯೂ ಕಾಣುತ್ತದೆ, ಕಾಡಿನೊಳಗಿನ ಕಾಕರಣೆ (ಟ್ರೋಗನ್) ಹಕ್ಕಿಯೂ ಕಾಣುತ್ತದೆ.

ನಮ್ಮ ತೋಟದಲ್ಲೇ ಬೇಕಾದಷ್ಟು ಹಕ್ಕಿ ಉಂಟಲ್ಲ ಮಾಷ್ಟ್ರೇ, ಅಷ್ಟು ದೂರ ಯಾಕೆ ಹೋಗುವುದು?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ತೋಟದ ಹಕ್ಕಿಗಳ ಪರಿಚಯ ಆಗದೆ ತಟ್ಟೇಕಾಡಿಗೆ ಹೋಗಬೇಡಿ ಅಂತಲೇ ನಾನು ಹೇಳುವುದು. ನಾವೂ ಅದೇ ಕರಾವಳಿಯವರು, ಘಟ್ಟದ ಅದೇ ಪಶ್ಚಿಮದ ಬುಡದವರು. ಕುಟ್ರು, ಪಿಕಳಾರ, ಮಡಿವಾಳ ಹಕ್ಕಿ, ಕಾಜಾಣ, ಕೆಂಬೂತ, ಮಟಪಕ್ಷಿ, ಹರಟೆಮಲ್ಲ, ಸೂರಕ್ಕಿ, ಎಲೆಹಕ್ಕಿ, ಮಂಗಟ್ಟೆ ಎಲ್ಲ ನಮ್ಮಲ್ಲಿಯೂ ಇವೆ, ಅಲ್ಲಿಯೂ ಇವೆ. ಇವುಗಳ ಕೂಗು ನಿಮ್ಮ ಕಿವಿಗೆ ಹತ್ತಿರಬೇಕು. ಆಗ ಅಲ್ಲಿ ಹೊಸ ಕೂಗು ಬಂದ ಕೂಡಲೇ "ಇದು ಬೇರೆ" ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಮೊದಲ ದಿನವಿಡೀ ಪಿಕಳಾರದ ಹಿಂದೆ ಓಡುವುದೇ ಆಗುತ್ತದೆ.

ಅಭ್ಯಾಸಕ್ಕೆ ಜಾಗ ಬೇಕಿದ್ದರೆ ಕುಂಬಳೆ ಪಂಚಾಯತಿನ ಕಿದೂರು ಇದೆ, ಮೇಲೆ ರಾಣಿಪುರ ಇದೆ, ಮುರಕಲ್ಲಿನ ಪದವುಗಳಿವೆ. ನಮ್ಮ ಜಿಲ್ಲೆಗೆ ತನ್ನದೇ ಅಧಿಕೃತ ಹಕ್ಕಿಯೂ ಇದೆ, ಬಿಳಿ ಹೊಟ್ಟೆಯ ಕಡಲ ಹದ್ದು. ಅದನ್ನು ನೋಡಲು ತಟ್ಟೇಕಾಡಿಗೆ ಹೋಗಬೇಕಾಗಿಲ್ಲ, ಕಡಲ ಕರೆಗೆ ಹೋದರೆ ಸಾಕು.

ಇಷ್ಟಾದ ಮೇಲೆ ತಟ್ಟೇಕಾಡಿಗೆ ಹೋಗಿ. ಕಪ್ಪೆಬಾಯಿ (ಫ್ರಾಗ್‌ಮೌತ್ ಅನ್ನುವ ರಾತ್ರಿ ಹಕ್ಕಿ), ಕಾಕರಣೆ, ಗೂಬೆಗಳಲ್ಲೇ ಹಲವು ಬಗೆ, ಕಾಡಿನ ಮರಕುಟಿಗಗಳು, ಇವನ್ನೆಲ್ಲ ಎರಡು ಮೂರು ದಿನದಲ್ಲಿ ಇಷ್ಟು ಹತ್ತಿರದಿಂದ, ಇಷ್ಟು ಒಟ್ಟಿಗೆ ನೋಡಲು ಸಿಗುವ ಜಾಗ ನಮ್ಮ ಕಡೆ ಬೇರೆ ಇಲ್ಲ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಮಾರ್ಚ್. ಒಂದೇ ತಿಂಗಳು ಹೇಳಿ ಅಂದರೆ ಜನವರಿ.

ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಂದ ಹಕ್ಕಿಗಳು ಇರುತ್ತವೆ. ನವರಂಗ, ರಾಜಹಕ್ಕಿ, ನೊಣಹಿಡುಕಗಳು, ಎಲೆ ಮರೆಯಲ್ಲಿ ಓಡಾಡುವ ಪುಟ್ಟ ಉಲಿಯಕ್ಕಿಗಳು. ನವರಂಗ ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಡೆ ಮರಿ ಮಾಡಿ ಚಳಿಗೆ ನಮ್ಮ ಕಡೆ ಇಳಿಯುತ್ತದೆ, ಏಪ್ರಿಲ್ ಹೊತ್ತಿಗೆ ವಾಪಸು. ಫೆಬ್ರವರಿ ಕಳೆದ ಮೇಲೆ ಸ್ಥಳೀಯ ಹಕ್ಕಿಗಳು ಗೂಡು ಕಟ್ಟುವ ಗಡಿಬಿಡಿಯಲ್ಲಿ ತುಂಬಾ ಕೂಗುತ್ತವೆ. ಕೂಗು ಕಲಿಯಬೇಕು ಅನ್ನುವವರಿಗೆ ಅದು ಒಳ್ಳೆಯ ಕಾಲ, ಆದರೆ ಸೆಕೆ ಜಾಸ್ತಿ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದು ಸಂಜೆಯ ನಡಿಗೆ ಹಾಳಾಗುವ ಸಂಭವ ಇದೆ.

ಮಳೆಗಾಲದಲ್ಲಿ ಹೋದ್ರೆ ಎಂತ ಆಗ್ತದೆ? ನಮಗೆ ರಜೆ ಸಿಗುವುದೇ ಆಗ.

ಕಾಡು ಚಂದ ಇರುತ್ತದೆ. ಹಕ್ಕಿ ಕಾಣುವುದು ಕಷ್ಟ. ದುರ್ಬೀನಿನ ಗಾಜು ಮಂಜಾಗುತ್ತದೆ, ಮಳೆಯ ಸದ್ದಿಗೆ ಕೂಗು ಕೇಳುವುದಿಲ್ಲ, ಇಂಬಳ ಬಿಡುವುದಿಲ್ಲ. ಓಣಂ ರಜೆಯನ್ನು ಮನೆಯವರ ಜೊತೆ ಕಳೆದು, ಕ್ರಿಸ್‌ಮಸ್ ರಜೆಯನ್ನು ಇದಕ್ಕೆ ಇಟ್ಟುಕೊಳ್ಳಿ.

ಶನಿವಾರ ಹೋಗಿ ಭಾನುವಾರ ಬರಬಹುದಾ?

ದಿನ ಲೆಕ್ಕ ಹಾಕಬೇಡಿ, ಬೆಳಗ್ಗೆಗಳ ಲೆಕ್ಕ ಹಾಕಿ. ಕಾಡಿನಲ್ಲಿ ಹಕ್ಕಿ ಚುರುಕಾಗಿರುವುದು ಬೆಳಕು ಹರಿದ ಮೇಲಿನ ಮೂರು ಗಂಟೆ, ಆಮೇಲೆ ಸಂಜೆಯ ಎರಡು ಗಂಟೆ. ಶನಿವಾರ ಮಧ್ಯಾಹ್ನ ತಲುಪಿ ಭಾನುವಾರ ಮಧ್ಯಾಹ್ನ ಹೊರಟರೆ ಸಿಗುವುದು ಒಂದೇ ಬೆಳಗ್ಗೆ. ಅದೂ ರೈಲಿನಲ್ಲಿ ನಿದ್ದೆಗೆಟ್ಟ ಕಣ್ಣಿನಲ್ಲಿ. ಮೂರು ಬೆಳಗ್ಗೆ ಇಟ್ಟುಕೊಳ್ಳಿ. ಒಂದು ಬೆಳಗ್ಗೆ ಧಾಮದ ಒಳಗೆ, ಒಂದು ಹತ್ತಿರದ ಉರುಳಂತಣ್ಣಿ ಕಾಡಿನ ಅಂಚಿನಲ್ಲಿ, ಇನ್ನೊಂದು ಮೊದಲೆರಡರಲ್ಲಿ ತಪ್ಪಿದ್ದಕ್ಕೆ. ಮೂರನೆಯದೇ ಹೆಚ್ಚಾಗಿ ಎಲ್ಲಕ್ಕಿಂತ ಒಳ್ಳೆಯದಾಗುತ್ತದೆ, ಯಾಕೆಂದರೆ ಅಷ್ಟರಲ್ಲಿ ಆ ಜಾಗದ ಸದ್ದು ಕಿವಿಗೆ ಹೊಂದಿಕೊಂಡಿರುತ್ತದೆ.

ದುರ್ಬೀನು ಯಾವುದು ತಗೊಳ್ಳಲಿ? ಅಂಗಡಿಯವ 10×50 ತೋರಿಸ್ತಾನೆ.

8×42 ತಗೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ. 8×42ಕ್ಕೆ ಐದು ಮಿಲಿಮೀಟರ್ ದಾಟುತ್ತದೆ, 10×42ಕ್ಕೆ ನಾಲ್ಕರ ಹತ್ತಿರ. ದಟ್ಟ ಕಾಡಿನ ನೆರಳಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 10×50ರಲ್ಲಿ ಬೆಳಕೇನೋ ಸಾಕಷ್ಟು ಸಿಗುತ್ತದೆ, ಆದರೆ ಅದು ಭಾರ, ದಿನವಿಡೀ ಕುತ್ತಿಗೆಯಲ್ಲಿ ಹಾಕಿಕೊಂಡು ಓಡಾಡಲಾಗದು, ಕೈ ನಡುಗಿದರೆ ಚಿತ್ರವೂ ಜಾಸ್ತಿ ನಡುಗುತ್ತದೆ. 8ರಲ್ಲಿ ನೋಟದ ವಿಸ್ತಾರವೂ ಹೆಚ್ಚು, ಎಲೆಗಳ ನಡುವೆ ಹಾರುವ ಹಕ್ಕಿಯನ್ನು ಬೇಗ ಹಿಡಿಯಬಹುದು. ಹೊಸದು ತರಲು ಹಣ ಇಲ್ಲದಿದ್ದರೆ ಯಾರದ್ದಾದರೂ ಕೇಳಿ ತನ್ನಿ, ಅದಕ್ಕಾಗಿ ಪ್ರವಾಸ ಮುಂದೂಡಬೇಡಿ.

## ದಾರಿ, ವಸತಿ, ಜೊತೆಯವರು

ಕಾಸರಗೋಡಿನಿಂದ ಹೇಗೆ ಹೋಗುವುದು?

ರೈಲಿನಲ್ಲಿ ಆಲುವಾಕ್ಕೆ. ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ ಮತ್ತು ಮಲಬಾರ್ ಎಕ್ಸ್‌ಪ್ರೆಸ್ ಎರಡೂ ಕಾಸರಗೋಡಿನಲ್ಲಿ ನಿಂತು ಆಲುವಾ ಮೂಲಕ ಹೋಗುತ್ತವೆ. ಮಾವೇಲಿ ತೀರಾ ನಡುರಾತ್ರಿ ಇಳಿಸುತ್ತದೆ, ಮಲಬಾರ್ ಬೆಳಗಿನ ಜಾವಕ್ಕೆ. ಅದರಿಂದ ಮಲಬಾರ್ ಅನುಕೂಲ. ಹಗಲಿನಲ್ಲಿ ಹೋಗುವವರಿಗೆ ಪರಶುರಾಮ್ ಇದೆ.

ಆಲುವಾದಿಂದ ಪೆರುಂಬಾವೂರು ದಾರಿಯಾಗಿ ಕೋತಮಂಗಲಂಗೆ ಬಸ್ ಧಾರಾಳ, ಮುನ್ನಾರಿಗೆ ಹೋಗುವ ಬಸ್ಸೂ ಅದೇ ದಾರಿ. ಕೋತಮಂಗಲಂನಿಂದ ತಟ್ಟೇಕಾಡು ಹದಿಮೂರು ಕಿಲೋಮೀಟರ್ ಆಸುಪಾಸು, ಕುಟ್ಟಂಪುಳ ಕಡೆ ಹೋಗುವ ಬಸ್ ಹಿಡಿದರೆ ಸೇತುವೆ ದಾಟಿ ಬಾಗಿಲಲ್ಲೇ ಇಳಿಯಬಹುದು. ದೊಡ್ಡ ಬ್ಯಾಗು ಇದ್ದರೆ ಆಟೋ. ಇಲ್ಲಿಂದಲೇ ಕಾರಿನಲ್ಲಿ ಹೋಗುವ ಆಸೆ ಕೆಲವರಿಗೆ. ಹೆದ್ದಾರಿಯಲ್ಲಿ ಇಡೀ ದಿನ ಡ್ರೈವಿಂಗ್ ಮಾಡಿ ಮರುದಿನ ಐದಕ್ಕೆ ಏಳುವುದು ಸುಲಭ ಅಲ್ಲ, ನಾನು ರೈಲನ್ನೇ ಹೇಳುತ್ತೇನೆ.

ಉಳಿಯುವುದು ಎಲ್ಲಿ? ಸಸ್ಯಾಹಾರಿಗಳಿಗೆ ಊಟ ಸಿಗ್ತದಾ?

ಧಾಮದ ಸುತ್ತ ಹಕ್ಕಿ ನೋಡುವವರಿಗೆಂದೇ ನಡೆಸುವ ಹೋಂಸ್ಟೇಗಳಿವೆ. ಮನೆಯವರಲ್ಲೇ ಯಾರಾದರೂ ಗೈಡ್ ಆಗಿರುವುದೂ ಉಂಟು. ಅಂಥ ಮನೆಯನ್ನೇ ಹುಡುಕಿ. ಬೆಳಗ್ಗೆ ಐದಕ್ಕೆ ಕಟ್ಟಂಚಾಯ (ಹಾಲಿಲ್ಲದ ಚಹಾ) ಕೊಡುತ್ತಾರೆ, ಒಂಬತ್ತೂವರೆಗೆ ತಿಂಡಿ ಕಾಡಿನ ಅಂಚಿಗೇ ಬರುತ್ತದೆ, ಯಾಕೆ ಅಷ್ಟು ಬೇಗ ಏಳುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಸಸ್ಯಾಹಾರ ಬೇಕಿದ್ದರೆ ಫೋನಿನಲ್ಲೇ ಹೇಳಿ, ಪುಟ್ಟು ಕಡಲೆ, ಅನ್ನ, ಮೋರುಕರಿ ಮಾಡಿಡುತ್ತಾರೆ. ಅರಣ್ಯ ಇಲಾಖೆಯ ವಸತಿಗೆ ಮೊದಲೇ ಕಾದಿರಿಸಬೇಕು.

ಖರ್ಚು ಕೇಳುವಾಗ ಎಲ್ಲ ಬಿಡಿಸಿ ಕೇಳಿ: ಕೋಣೆ, ಊಟ, ಧಾಮದ ಪ್ರವೇಶ, ಕ್ಯಾಮೆರಾ ಶುಲ್ಕ, ಗೈಡಿನ ದಿನಗೂಲಿ, ಜೀಪು. ಎಲ್ಲ ಸೇರಿಸಿ ಎಷ್ಟು ಅಂತ ಒಂದೇ ಮಾತಿನಲ್ಲಿ ಕೇಳಿದರೆ ಆಮೇಲೆ ಇಬ್ಬರಿಗೂ ಇರಿಸುಮುರಿಸು.

ನಮಗೆ ಮಲಯಾಳ ಬರ್ತದೆ. ಮತ್ತೆ ಗೈಡ್ ಯಾಕೆ?

ಭಾಷೆಗಾಗಿ ಅಲ್ಲ. ಮೊದಲನೆಯ ಕಾರಣ ಆನೆ. ಎರಡನೆಯದು, ಹಗಲು ನಿದ್ದೆ ಮಾಡುವ ಗೂಬೆ, ಕಪ್ಪೆಬಾಯಿ, ನತ್ತಿಂಗಗಳು (ನೈಟ್‌ಜಾರ್) ಇವತ್ತು ಯಾವ ಕೊಂಬೆಯಲ್ಲಿ ಕೂತಿವೆ ಅನ್ನುವುದು ದಿನವೂ ಅಲ್ಲಿ ಓಡಾಡುವವರಿಗೆ ಮಾತ್ರ ಗೊತ್ತು. ಮೂರನೆಯದು, ನನಗೆ ಮುಖ್ಯವಾದದ್ದು: ಹಕ್ಕಿಯಿಂದ ಅಲ್ಲಿನ ಮನೆಗಳಲ್ಲಿ ಒಲೆ ಉರಿದರೆ ಆ ಕಾಡನ್ನು ಕಾಯಲು ಊರಿಗೆ ಊರೇ ಇರುತ್ತದೆ. ಗೈಡಿನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಮಲಯಾಳ ಬರುವುದರಿಂದ ನಮಗೆ ಲಾಭ ಇದೆ. ವೇಳಾಂಬಲ್ ಅಂದರೆ ಮಂಗಟ್ಟೆ, ತೀಕ್ಕಾಕ್ಕ ಅಂದರೆ ಕಾಕರಣೆ, ಮಾಕ್ಕಾಚ್ಚಿಕ್ಕಾಡ ಅಂದರೆ ಕಪ್ಪೆಬಾಯಿ, ಕಾವಿ ಅಂದರೆ ನವರಂಗ. ಇಷ್ಟು ಹೆಸರು ಹೇಳಿದರೆ ಗೈಡ್ ಇಂಗ್ಲಿಷ್ ಬಿಟ್ಟು ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಮಳೆ, ಹಣ್ಣು, ಗೂಡಿನ ಕತೆಯೆಲ್ಲ ಹೊರಬರುತ್ತದೆ.

ಅಮ್ಮನಿಗೆ ಎಪ್ಪತ್ತು, ಮಗನಿಗೆ ಎಂಟು. ಇಬ್ಬರನ್ನೂ ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ. ಧಾಮದ ದಾರಿ ಹೆಚ್ಚಿನ ಕಡೆ ಸಮತಟ್ಟು, ಏರು ಕಡಿಮೆ. ಅಮ್ಮನಿಗೆ ಒಂದು ಹಗುರದ ಮಡಚುವ ಸ್ಟೂಲು ತನ್ನಿ. ಒಂದೇ ಕಡೆ ಕೂತವರಿಗೆ ನಡೆದವರಿಗಿಂತ ಜಾಸ್ತಿ ಹಕ್ಕಿ ಕಾಣುವುದೂ ಉಂಟು. ಮಗನಿಗೆ ಬೆಳಗ್ಗೆ ಎರಡು ಗಂಟೆ ಸಾಕು, ಅದರ ಮೇಲೆ ಒತ್ತಾಯ ಬೇಡ. ಅವನ ಕೈಯಲ್ಲೂ ಒಂದು ನೋಟ್‌ಪುಸ್ತಕ ಇರಲಿ.

## ಕಾಡಿನ ಒಳಗೆ

ಹಕ್ಕಿ ಕೂಗ್ತದೆ, ಆದ್ರೆ ಕಾಣುವುದೇ ಇಲ್ಲ. ಎಂತ ಮಾಡುವುದು?

ಬಯಲಿನ ಕೆರೆಯಲ್ಲಿ ಹಕ್ಕಿ ನೋಡಿದವರಿಗೆ ಈ ಕಷ್ಟ ಜಾಸ್ತಿ. ಮಳೆಕಾಡಿನಲ್ಲಿ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು. ಹಕ್ಕಿ ಇರುವುದು ಮೂವತ್ತು ಮೀಟರ್ ಎತ್ತರದ ಕೊಂಬೆಯಲ್ಲಿ, ಇಲ್ಲವೇ ಬೆತ್ತದ ಪೊದೆಯ ಒಳಗೆ. ಸುಮ್ನೆ ಕಣ್ಣು ಹಾಯಿಸಿದರೆ ಎಲೆ ಮಾತ್ರ ಕಾಣುತ್ತದೆ.

ಮೊದಲು ನಿಲ್ಲಿ. ಮಾತು ನಿಲ್ಲಿಸಿ. ಕೂಗು ಎಷ್ಟು ಎತ್ತರದಿಂದ ಬರುತ್ತಿದೆ, ಒಂದೇ ಕಡೆಯಿಂದಲಾ ಅಥವಾ ಜರುಗುತ್ತಿದೆಯಾ ಅಂತ ಗಮನಿಸಿ. ಜರುಗದ ಕೂಗು ಕುಟ್ರುವಿನದೋ ಕಾಕರಣೆಯದೋ ಇರಬಹುದು. ಕಾಕರಣೆ ನೆಟ್ಟಗೆ ಬೆನ್ನು ಮಾಡಿ ಅಲ್ಲಾಡದೆ ಕೂರುತ್ತದೆ. ಗಂಡಿನ ಕೆಂಪು ಹೊಟ್ಟೆ ಆ ಕಡೆ ತಿರುಗಿದ್ದರೆ ಎದುರಿಗಿದ್ದರೂ ಕಾಣುವುದಿಲ್ಲ. ಅದು ಕೂತ ಎತ್ತರದಲ್ಲಿ ಕೊಂಬೆಯಿಂದ ಕೊಂಬೆಗೆ ನಿಧಾನ ದುರ್ಬೀನು ಸರಿಸಬೇಕು.

ಇನ್ನೊಂದು, ಭೀಮರಾಜನ ಸದ್ದು ಕೇಳಿದರೆ ಅಲ್ಲೇ ಇರಿ. ಬಾಲದ ತುದಿಯಲ್ಲಿ ಎರಡು ಉದ್ದ ಎಳೆ ಇರುವ ದೊಡ್ಡ ಕಾಜಾಣ ಅದು. ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ, ಅದರಿಂದ ಮೋಸ ಹೋಗುವುದೂ ಸಹಜ. ಆದರೆ ಅದು ಒಂಟಿಯಾಗಿ ಇರುವುದು ಕಡಿಮೆ. ಮರಕುಟಿಗ, ಹರಟೆಮಲ್ಲ, ರಾಜಹಕ್ಕಿ, ಎಲೆಹಕ್ಕಿ, ಮಟಪಕ್ಷಿ ಎಲ್ಲ ಸೇರಿ ಕಾಡಿನಲ್ಲಿ ಒಟ್ಟಿಗೆ ಮೇಯುತ್ತಾ ಸಾಗುತ್ತವೆ. ಒಂದು ಎಬ್ಬಿಸಿದ ಹುಳ ಇನ್ನೊಂದಕ್ಕೆ ಆಹಾರ, ಡೇಗೆ ಬಂದರೆ ಎಚ್ಚರಿಸಲು ಹತ್ತಾರು ಕಣ್ಣು. ಅರ್ಧ ಗಂಟೆ ಒಂದು ಹಕ್ಕಿಯೂ ಕಾಣದೆ ಬೇಸರ ಬಂದ ಹೊತ್ತಿಗೆ ಇಂಥ ಗುಂಪು ಬಂದು ಹತ್ತು ನಿಮಿಷದಲ್ಲಿ ಹದಿನೈದು ಬಗೆ ತೋರಿಸಿ ಹೋಗಿಬಿಡುತ್ತದೆ. ಆ ಹತ್ತು ನಿಮಿಷ ಕ್ಯಾಮೆರಾ ಸೆಟಿಂಗ್ ನೋಡುತ್ತಾ ಕೂರಬೇಡಿ. ಮೊದಲು ನೋಡಿ, ಹೆಸರು ಆಮೇಲೆ.

ಮನೆಯಲ್ಲಿ ಮಾಡಬಹುದಾದ ತಯಾರಿ ಒಂದೇ: ಹೊರಡುವ ಮೊದಲು ಒಂದು ತಿಂಗಳು ದಿನವೂ ಬೆಳಗ್ಗೆ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿ, ಎಷ್ಟು ಬಗೆ ಕೂಗು ಅಂತ ಬರೆಯಿರಿ. ದುರ್ಬೀನಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಪ್ಪೆಬಾಯಿ ಹಕ್ಕಿ ಗ್ಯಾರಂಟಿ ಕಾಣ್ತದಾ?

ಗ್ಯಾರಂಟಿ ಯಾರೂ ಕೊಡಬಾರದು, ಆದರೆ ತಟ್ಟೇಕಾಡಿನಲ್ಲಿ ಸಾಧ್ಯತೆ ತುಂಬಾ ಒಳ್ಳೆಯದಿದೆ. ಹಗಲು ಹೊತ್ತು ಜೋಡಿಯಾಗಿ ಪಕ್ಕಪಕ್ಕ ಒತ್ತಿ ಕೂತಿರುತ್ತದೆ, ನಮ್ಮ ತಲೆಯಷ್ಟೇ ಎತ್ತರದಲ್ಲಿದ್ದರೂ ಆಶ್ಚರ್ಯವಿಲ್ಲ, ನೋಡಿದರೆ ಕೊಂಬೆಗೆ ಸಿಕ್ಕಿಕೊಂಡ ಒಣ ಎಲೆಯಂತೆ. ಗಂಡು ಬೂದು ಬಣ್ಣ, ಹೆಣ್ಣು ಕೆಂಗಂದು. ಪಾಚಿ, ಕಲ್ಲುಹೂವು, ತನ್ನದೇ ಮೆತ್ತನೆಯ ಪುಕ್ಕ ಸೇರಿಸಿ ಪುಟ್ಟ ಗೂಡು ಮಾಡಿ ಒಂದೇ ಮೊಟ್ಟೆ ಇಡುತ್ತದೆ. ಹಗಲು ಕಾವು ಕೊಡುವುದು ಗಂಡು.

ಒಂದೇ ಮೊಟ್ಟೆ ಅನ್ನುವುದನ್ನು ನೆನಪಿಡಿ. ಹತ್ತಿರ ಹೋಗಿ ಅದು ಹಾರಿದರೆ ಆ ವರ್ಷದ ಮರಿಯೇ ಹೋಗಬಹುದು. ಗೈಡ್ ನಿಲ್ಲಿಸಿದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ, ಫ್ಲಾಶ್ ಹಾಕಬೇಡಿ, ಎರಡು ಮೂರು ನಿಮಿಷ ನೋಡಿ ಜಾಗ ಬಿಡಿ.

ಆನೆ ಬಂದ್ರೆ? ಇಂಬಳ, ಉಣ್ಣಿ, ಹಾವು?

ಆನೆ ಇದೆ, ಅದು ನಿಜ. ಲದ್ದಿ ಹೊಸದಿದ್ದರೆ, ಬಿದಿರು ಮುರಿಯುವ ಸದ್ದು ಕೇಳಿದರೆ ಗೈಡ್ ವಾಪಸು ತಿರುಗುತ್ತಾರೆ. ಆಗ "ಇನ್ನೊಂದು ಹತ್ತು ನಿಮಿಷ" ಅಂತ ಹಟ ಮಾಡಬೇಡಿ. ಹತ್ತಿರ ಹೋಗುವುದು, ವೀಡಿಯೋ ಮಾಡುವುದು, ಕೂಗುವುದು ಯಾವುದೂ ಬೇಡ.

ಇಂಬಳಕ್ಕೆ ಮೊಣಕಾಲಿನವರೆಗಿನ ಬಟ್ಟೆಯ ಕಾಲುಚೀಲ ಸಾಕು, ಜೊತೆಗೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ. ಚಳಿಗಾಲ ಕಳೆದ ಮೇಲೆ ಉಣ್ಣಿ ಜಾಸ್ತಿ. ತರಗೆಲೆಯ ಮೇಲೆ ಕೂರಬೇಡಿ, ಕೋಣೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿ, ಮೈ ಪರೀಕ್ಷಿಸಿ. ಮನೆಗೆ ಬಂದು ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಮಂಗನ ಕಾಯಿಲೆ ಉಣ್ಣಿಯಿಂದಲೇ ಬರುವುದು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಾವಿನ ಬಗ್ಗೆ ಇಷ್ಟೇ: ತೋಟದಲ್ಲಿ ಹೇಗೆ ನೋಡಿ ಕಾಲಿಡುತ್ತೀರೋ ಹಾಗೆಯೇ ಇಡಿ.

ಬಟ್ಟೆ ಯಾವ ಬಣ್ಣದ್ದು?

ಮಾಸಲು ಹಸಿರು, ಕಂದು, ಬೂದು. ಬಿಳಿ ಪಂಚೆ, ಕೆಂಪು ಟೀ ಶರ್ಟ್ ಬೇಡ. ಅತ್ತರು ಬೇಡ. ಗರಗರ ಸದ್ದು ಮಾಡುವ ಪ್ಲಾಸ್ಟಿಕ್ ಜಾಕೆಟ್ ಖಂಡಿತ ಬೇಡ.

## ಸ್ವಲ್ಪ ಪಳಗಿದವರಿಗೆ

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ತಪ್ಪಾ? ಎಲ್ಲರೂ ಹಾಕ್ತಾರಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಹಾಕಬೇಡಿ. ಕೂಗು ಹಾಕಿದಾಗ ಹಕ್ಕಿ ಬರುವುದು ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿದೆ ಅಂತ ತಿಳಿದು, ಮೇಯುವುದನ್ನು, ಗೂಡನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಒಬ್ಬರು ಒಂದು ಸಲ ಹಾಕಿದರೆ ಏನೂ ಆಗದೇ ಇರಬಹುದು. ಆದರೆ ತಟ್ಟೇಕಾಡು ಸಣ್ಣ ಜಾಗ, ಚಳಿಗಾಲದಲ್ಲಿ ದಿನವೂ ಗುಂಪುಗಳು ಬರುತ್ತವೆ, ಎಲ್ಲರಿಗೂ ಅದೇ ನಾಲ್ಕೈದು ಹಕ್ಕಿಗಳೇ ಬೇಕು. ಅದೇ ಗೂಬೆ ಅದೇ ಮರದಲ್ಲಿ ದಿನಕ್ಕೆ ಎಷ್ಟು ಸಲ ಜಗಳಕ್ಕೆ ಬರಬೇಕು?

ಗೈಡುಗಳ ಮೇಲೆ ತಪ್ಪು ಹೊರಿಸುವುದು ಸುಲಭ. ಹಕ್ಕಿ ತೋರಿಸದಿದ್ದರೆ ಬಂದವರು ಮುಖ ಗಂಟು ಹಾಕುತ್ತಾರೆ ಅನ್ನುವ ಭಯ ಅವರಿಗೆ. ಮೊದಲ ದಿನವೇ "ನಮಗೆ ಕೂಗು ಹಾಕುವುದು ಬೇಡ ಚೇಟ್ಟಾ, ಕಾಣದಿದ್ದರೂ ಪರವಾಗಿಲ್ಲ" ಅಂತ ಹೇಳಿಬಿಡಿ. ಹೆಚ್ಚಿನವರಿಗೆ ಅದರಿಂದ ನೆಮ್ಮದಿಯೇ ಆಗುತ್ತದೆ.

ಹೈಡಿನಲ್ಲಿ ಕೂತು ಫೋಟೊ ತೆಗೆಯುವುದು ಹೇಗೆ?

ಹೋಂಸ್ಟೇಗಳ ಹಿತ್ತಿಲಲ್ಲಿ ನೀರಿನ ಕುಳಿ ಮಾಡಿ ಎದುರಿಗೆ ಮರೆ ಕಟ್ಟಿರುತ್ತಾರೆ, ಅದೇ ಹೈಡ್. ಬಿಸಿಲೇರಿದ ಮೇಲೆ ಹಕ್ಕಿ ನೀರಿಗೆ ಇಳಿಯುತ್ತದೆ, ಹಾಗಾಗಿ ಕಾಡಿನಲ್ಲಿ ಹಕ್ಕಿ ಮಂಕಾಗುವ ಮಧ್ಯಾಹ್ನವನ್ನು ಇಲ್ಲಿ ಕಳೆಯಬಹುದು. ಬೂದು ಕಾಡುಕೋಳಿ, ಕೆಂಪು ಚಿಟ್ಟುಕೋಳಿ, ನವರಂಗ ನೆಲಕ್ಕೆ ಬರುವುದನ್ನು ಹತ್ತಿರದಿಂದ ನೋಡಲು ಇದೇ ಒಳ್ಳೆಯ ಅವಕಾಶ. ಒಳಗೆ ಫೋನ್ ಮೌನವಾಗಿರಲಿ. ಹುಳ ಕಟ್ಟಿಹಾಕಿ ಹಕ್ಕಿ ಕರೆಯುವ ಹೈಡಾದರೆ ಎದ್ದು ಬನ್ನಿ. ನನಗೆ ಹೈಡಿಗಿಂತ ಕಾಡಿನ ದಾರಿಯೇ ಇಷ್ಟ, ಆದರೆ ಮೊಣಕಾಲು ನೋವಿನವರಿಗೆ ಇದು ವರ.

ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಹಕ್ಕಿಗಳನ್ನೆಲ್ಲ ಒಂದೇ ಪ್ರವಾಸದಲ್ಲಿ ನೋಡಿ ಮುಗಿಸಬಹುದಾ?

ಆಗುವುದಿಲ್ಲ, ಅದಕ್ಕೆ ಕಾರಣ ಸ್ವಾರಸ್ಯಕರವಾಗಿದೆ. ತಟ್ಟೇಕಾಡಿನಲ್ಲಿ ತಗ್ಗಿನವು ಸಿಗುತ್ತವೆ: ಮಲೆ ಮಂಗಟ್ಟೆ, ಬಿಳಿ ಹೊಟ್ಟೆಯ ಮಟಪಕ್ಷಿ, ಬೂದುತಲೆ ಪಿಕಳಾರ, ನೀಲಿ ರೆಕ್ಕೆಯ ಗಿಳಿ, ಕೆಂಪು ಗಂಟಲಿನ ಪುಟ್ಟ ಕುಟ್ರು. ಎತ್ತರದ ಶೋಲಾ ಕಾಡಿನವು (ಬೆಟ್ಟದ ಹುಲ್ಲುಗಾವಲಿನ ನಡುವಿನ ಗಿಡ್ಡ ಮರಗಳ ಕಾಡು) ಬೇಕಿದ್ದರೆ ಅದೇ ಹೆದ್ದಾರಿಯಲ್ಲಿ ಮುನ್ನಾರಿಗೆ ಹತ್ತಬೇಕು. ಅಲ್ಲಿ ಕಪ್ಪು ಕಿತ್ತಳೆ ನೊಣಹಿಡುಕ, ನೀಲಗಿರಿ ನೊಣಹಿಡುಕ, ಹುಲ್ಲುಗಾವಲಿನಲ್ಲಿ ನೀಲಗಿರಿ ಪಿಪಿಳೀಕ (ಪಿಪಿಟ್). ಮುನ್ನಾರಿನ ಇರವಿಕುಲಂ ರಾಷ್ಟ್ರೀಯ ಉದ್ಯಾನವನ್ನು ವರಯಾಡುಗಳು (ನೀಲಗಿರಿ ಥಾರ್ ಅನ್ನುವ ಕಾಡುಮೇಕೆ) ಮರಿ ಹಾಕುವ ಫೆಬ್ರವರಿ, ಮಾರ್ಚ್‌ನಲ್ಲಿ ಸಾಮಾನ್ಯವಾಗಿ ಮುಚ್ಚುತ್ತಾರೆ. ಎರಡೂ ಸೇರಿಸುವವರು ಜನವರಿಯೊಳಗೆ ಹೋಗಿ.

ಆದರೂ ಎಲ್ಲ ಸಿಗುವುದಿಲ್ಲ, ಯಾಕೆಂದರೆ ನಡುವೆ ಪಾಲಕ್ಕಾಡು ಕಣಿವೆ ಇದೆ. ಘಟ್ಟದ ಸಾಲಿನಲ್ಲಿ ಮೂವತ್ತು ಕಿಲೋಮೀಟರಿಗೂ ಅಗಲದ ಬಿಟ್ಟ ಜಾಗ ಅದು. ಬೆಟ್ಟದ ತುದಿಯ ಹಕ್ಕಿಗಳು ಅದನ್ನು ದಾಟುವುದಿಲ್ಲ, ಎರಡು ಕಡೆ ಬೇರೆ ಬೇರೆಯಾಗಿ ಬೆಳೆದುಬಿಟ್ಟಿವೆ. ಮುನ್ನಾರಿನ ಬೆಟ್ಟಗಳಲ್ಲಿ ಪಳನಿ ನಗೆಮಲ್ಲ (ಲಾಫಿಂಗ್‌ಥ್ರಶ್), ಕಣಿವೆಯ ಉತ್ತರಕ್ಕೆ ನೀಲಗಿರಿ ನಗೆಮಲ್ಲ, ವಯನಾಡು ಕೊಡಗಿನ ಎತ್ತರದಲ್ಲಿ ಬಾಣಾಸುರ ನಗೆಮಲ್ಲ. ಶೋಲಾ ಕಾಡಿನ ಪುಟ್ಟ ಹಕ್ಕಿ ಶೋಲಾಕಿಳಿಯೂ ಹಾಗೆಯೇ, ಉತ್ತರಕ್ಕೊಂದು ದಕ್ಷಿಣಕ್ಕೊಂದು. ನಾವು ಕಾಸರಗೋಡಿನವರು ಕಣಿವೆಯ ಉತ್ತರದವರು. ತಟ್ಟೇಕಾಡಿಗೆ ಹೋಗುವಾಗ ರೈಲು ಶೊರ್ನೂರು ದಾಟುವ ಹೊತ್ತಿಗೆ ಆ ಗಡಿಯನ್ನು ದಾಟುತ್ತಿರುತ್ತೇವೆ.

ನೋಡಿದ ಹಕ್ಕಿಗಳ ಪಟ್ಟಿಯನ್ನು ಏನು ಮಾಡಲಿ? ಪುಸ್ತಕದಲ್ಲಿ ಸುಮ್ನೆ ಇಟ್ಟರೆ ಸಾಕಾ?

ಹಕ್ಕಿ ಪಟ್ಟಿಗಳನ್ನು ಸೇರಿಸಿಡುವ ಇಬರ್ಡ್ (eBird) ಜಾಲತಾಣಕ್ಕೆ ಹಾಕಿ. ಮೊಬೈಲಿನಲ್ಲೇ ಆಗುತ್ತದೆ, ಉಚಿತ. ಕಂಡದ್ದು, ಕೇಳಿದ್ದು ಎರಡನ್ನೂ ಹಾಕಿ, ಗುಬ್ಬಿ ಕಾಗೆಯನ್ನೂ ಬಿಡಬೇಡಿ, ಎಣಿಸಿದ ಸಂಖ್ಯೆ ಬರೆಯಿರಿ. ಅಪರೂಪದ್ದನ್ನು ಮಾತ್ರ ಬರೆದರೆ ಸಾಮಾನ್ಯ ಹಕ್ಕಿ ಕಡಿಮೆಯಾಗುತ್ತಿದೆಯಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. 2015ರಿಂದ 2020ರವರೆಗೆ ನಡೆದ ಕೇರಳದ ಹಕ್ಕಿ ಅಟ್ಲಾಸ್ (ಯಾವ ಹಕ್ಕಿ ಎಲ್ಲೆಲ್ಲಿದೆ ಅನ್ನುವ ನಕ್ಷೆ) ಕೆಲಸ ಹೀಗೆಯೇ ಆದದ್ದು. ಆಸಕ್ತ ಜನ ಊರೂರು ತಿರುಗಿ ಎಣಿಸಿದರು, 361 ಬಗೆ ದಾಖಲಾಯಿತು, ನಮ್ಮ ಜಿಲ್ಲೆಯೂ ಅದರಲ್ಲಿದೆ.

ಗೂಡು ಎಲ್ಲಿದೆ, ಗೂಬೆ ಯಾವ ಮರದಲ್ಲಿ ಅನ್ನುವುದನ್ನು ಮಾತ್ರ ಎಲ್ಲಿಯೂ ಬರೆಯಬೇಡಿ, ಫೋಟೊದ ಜೊತೆಗೂ ಹಾಕಬೇಡಿ. ಪಟ್ಟಿ ಹಾಕುವ ಅಭ್ಯಾಸ ಊರಿನಲ್ಲೇ ಶುರುಮಾಡಬಹುದು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಿಲ ಹಕ್ಕಿ ಎಣಿಕೆ ಇರುತ್ತದೆ, ಹದಿನೈದು ನಿಮಿಷ ಕೂತು ಎಣಿಸಿದರೂ ಸಾಕು. ನಿಮ್ಮ ಶಾಲೆಯವರು, ನೆರೆಕರೆಯವರು ಸೇರುವುದಾದರೆ ತಿಳಿಸಿ, ಪಟ್ಟಿ ಹಾಕುವುದು ಹೇಗೆ ಅಂತ ನಾನೇ ಬಂದು ತೋರಿಸುತ್ತೇನೆ.